ಸೋರಿಕೆ

ರಾತ್ರಿ ಹನ್ನೊಂದೂ ನಲವತ್ತಕ್ಕೆ ಬಂದವರು ಬೆಲಾರ್ಮಿನೊ,
ಎಪ್ಪತ್ತಾರು, ಮಿಯೆರೆಸ್ ಊರಿನ ಮೇಲ್ಕೇರಿ.
ಮೂವತ್ತೊಂದು ವರ್ಷ ಕಲ್ಲಿದ್ದಲ ಬಾವಿಗೆ ಇಳಿದು ಹತ್ತಿದ ಎದೆ.
ತುಟಿ ನೇರಳೆ. ಕರೆದರೆ ಕಣ್ಣು ತೆರೆಯುತ್ತಾರೆ,
ಕರೆಯುವುದು ನಿಲ್ಲಿಸಿದರೆ ಮುಚ್ಚುತ್ತಾರೆ.

ಇನ್ನಷ್ಟು ಆಮ್ಲಜನಕ ಬಿಡು ಮಗಳೇ,
ಅಂದರು ಅವರ ಹೆಂಡತಿ ಎಟೆಲ್ವಿನ.
ಬಿಡಬಾರದು ಅಂದೆ.
ಉಸಿರಿಗೆ ಬಾಯಾರಿದವನಿಗೆ ಅಳೆದು ಹನಿಸುತ್ತೇನೆಂದರೆ
ಯಾರು ತಾನೆ ನಂಬುತ್ತಾರೆ?
ಒಳಗೆ ಬರಬೇಕಾದ್ದಕ್ಕಿಂತ, ಅಮ್ಮ,
ಹೊರಗೆ ಹೋಗಬೇಕಾದ್ದರದೇ ತೊಂದರೆ.
ಒಲೆ ಉರಿಯುತ್ತಿದೆ, ಹೊಗೆಗಂಡಿ ಕಟ್ಟಿದೆ,
ಆ ಹೊಗೆಯೇ ಅವರನ್ನು ತೂಕಡಿಸುವ ಹಾಗೆ ಮಾಡುತ್ತಿರುವುದು.
ಒಲೆ ಎಂದದ್ದಕ್ಕೆ ತಲೆಯಾಡಿಸಿದರು.
ಒಲೆ ಅವರಿಗೆ ಗೊತ್ತು.

ಗಂಟಲಿಗೆ ಕೊಳವೆ ಇಳಿಸಬೇಡಿ ಎಂದು
ಮಾರ್ಚ್‌ನಲ್ಲೇ ಬರೆದುಕೊಟ್ಟಿದ್ದರು,
ಕೆಳಗೆ ಎರಡು ಗೆರೆ ಎಳೆದು, ಕಾಗದ ಹರಿಯುವಷ್ಟು ಒತ್ತಿ.
ಹಾಗಾಗಿ ಉಳಿದದ್ದು ಇದೊಂದೇ:
ಮುಖಕ್ಕೊಂದು ಮಾಸ್ಕು, ಒಂದು ಬಳುಕುವ ನಳಿಗೆ,
ಬ್ರೆಡ್ಡಿನ ಡಬ್ಬಿಯಷ್ಟು ಗಾತ್ರದ ಯಂತ್ರ.

ಮೊದಲಿಗೇ ನಾನು ಪಟ್ಟಿ ಕಟ್ಟುವುದಿಲ್ಲ.
ಕೈಯಲ್ಲಿ ಹಿಡಿದಿರುತ್ತೇನೆ, ತಾಗಿಯೂ ತಾಗದ ಹಾಗೆ.
ಕರೆಯದ ಗಾಳಿ ಬಾಯಿಗೆ ನುಗ್ಗಿದರೆ
ಎಂಥ ಗಂಡಸೂ ಎಳೆಗೂಸಿನ ಹಾಗೆ ಬೆಚ್ಚುತ್ತಾನೆ.
ಬೆಲಾರ್ಮಿನೊ ಬೆಚ್ಚಿದರು. ನನ್ನ ಮಣಿಕಟ್ಟು ಹಿಡಿದರು.
ಎದೆ ಸೋತಿದೆ, ಹಿಡಿತ ಇನ್ನೂ ಸೋತಿಲ್ಲ.
ಎಳೆದಾಗ ಹದಿನಾಲ್ಕು, ಬಿಟ್ಟಾಗ ಐದು.
ನೀವು ಕೇಳಿ, ಅದು ಕೊಡುತ್ತದೆ.
ಅದರ ಜೊತೆ ಜಗಳ ಬೇಡ.

ಜಗಳ ಆದದ್ದು ಮೀಸೆಯ ಜೊತೆ.
ಪಟ್ಟಿ ಬಿಗಿದೆ, ಯಂತ್ರ ಕೂಗಿತು: ಸೋರಿಕೆ.
ಸಡಿಲಿಸಿದೆ: ಸೋರಿಕೆ.
ಮೂಗಿನ ದಿಣ್ಣೆಗೆ ಮೆತ್ತೆಯಿಟ್ಟೆ, ಮಾಸ್ಕು ಬದಲಿಸಿದೆ,
ಹಲ್ಲಿನ ಸೆಟ್ಟು ಲೋಟದಲ್ಲಿ, ಕೆನ್ನೆ ಒಳಗೆ ಕುಸಿದಿತ್ತು.
ಬೋಳಿಸಲೇ ಅಂದೆ.
ಐವತ್ತೆರಡು ವರ್ಷದಿಂದ ಆ ಮೇಲ್ದುಟಿಯನ್ನು
ನಾನೇ ನೋಡಿಲ್ಲ, ಅಂದರು ಎಟೆಲ್ವಿನ.
ಬ್ಲೇಡು ಜೇಬಿಗೆ ಹಾಕಿಕೊಂಡೆ.

ಎರಡು ಗಂಟೆ. ಅವರ ಬೆರಳು ಮಂಚದ ಕಂಬಿಯ ಮೇಲೆ
ಏರುತ್ತಿತ್ತು, ಇಳಿಯುತ್ತಿತ್ತು.
ನಡುಕ ಎಂದು ಬರೆದುಕೊಳ್ಳಲು ಹೊರಟಿದ್ದೆ.
ನಡುಕವಲ್ಲ, ಅಂದರು ಎಟೆಲ್ವಿನ, ಗಾಯ್ತ ಊದುತ್ತಿದ್ದಾರೆ.
ಆಡಿನ ತೊಗಲಿನ ಚೀಲ, ತೋಳಡಿಯಲ್ಲಿ ಒತ್ತಬೇಕು,
ಬಾಯಿ ಉಸಿರು ಎಳೆದುಕೊಳ್ಳುವಾಗಲೂ
ಚೀಲ ಹಾಡುತ್ತಲೇ ಇರಬೇಕು.
ಆರು ವರ್ಷದಿಂದ ಗೋಡೆಯ ಮೊಳೆಗೆ ನೇತುಬಿದ್ದಿದೆ.

ಆಮೇಲೆ ಆ ಕೈ ಕಂಬಿಯಿಂದ ಮೇಲೆದ್ದಿತು.
ಮಾಸ್ಕು ಕಿತ್ತೆಸೆಯುತ್ತಾರೆಂದು ನಾನು ಧಾವಿಸಿದೆ.
ಕೀಳಲಿಲ್ಲ. ಕಣ್ಣು ಮುಚ್ಚಿಕೊಂಡೇ
ಅಂಚಿನುದ್ದಕ್ಕೂ ತಡವಿಕೊಂಡು ಹೋಗಿ
ಎಡಬದಿ, ಮೀಸೆಯ ತುದಿ ಮಡಚಿಕೊಂಡಿದ್ದಲ್ಲಿ,
ಉಂಗುರ ಬೆರಳೊಂದನ್ನು ಇಟ್ಟರು,
ಕೊಳಲಿನ ತೂತು ಮುಚ್ಚುವ ಹಾಗೆ.

ಯಂತ್ರ ಸುಮ್ಮನಾಯಿತು.

ನಾನು ಎರಡು ಗಂಟೆ ಹುಡುಕಿದ್ದು ಅಲ್ಲಿತ್ತು.
ಆ ಬೆರಳ ಕೆಳಗೆ ಮೆತ್ತೆ ತೂರಿಸಿದೆ, ಮೇಲಿನ ಪಟ್ಟಿ
ಒಂದೇ ಒಂದು ಗೆಣ್ಣು ಎಳೆದೆ.
ಬೆರಳು ತೆಗೆದರು. ಕೂಗಲಿಲ್ಲ.
ಎದೆ ಏರಿತು, ಪಕ್ಕೆಲುಬಿನ ನಡುವಿನ ಹಳ್ಳ ತುಂಬಿತು.
ಒಂದು ಗಂಟೆಗೆ ಏಳು ಪಾಯಿಂಟ್ ಎರಡು ನಾಲ್ಕು ಇದ್ದ ರಕ್ತ
ಮೂರೂವರೆಗೆ ಮೂರು ಒಂದು.
ಸಂಖ್ಯೆ ಓದಿ ಹೇಳಿದೆ. ಎಟೆಲ್ವಿನ ಕುರ್ಚಿಯಲ್ಲೇ
ಬಾಯಿ ತೆರೆದು ನಿದ್ದೆಹೋಗಿದ್ದರು.

ಬೆಳಗಾದ ಮೇಲೆ ಹತ್ತು ನಿಮಿಷ ಬಿಡುವು, ನೀರಿಗೆಂದು.
ಮೂಗಿನ ಮೇಲೆ ಕೆಂಪು ಲಾಳದ ಗುರುತು.
ಎರಡು ಚಮಚ ಕುಡಿದರು, ಮೀಸೆ ಒರೆಸಿಕೊಂಡರು,
ಯಂತ್ರದ ಕಡೆ ಗಲ್ಲ ತಿರುಗಿಸಿ
ಉಸಿರಿಗೊಂದು ಪದದಂತೆ ಹೇಳಿದರು:
ಇದರ... ಶ್ರುತಿ... ಸರಿಯಿಲ್ಲ.

ಸರಿ, ಕಂಪನಿಗೆ ಬರೆಯುತ್ತೇನೆ ಅಂದೆ,
ಮಾಸ್ಕು ಎತ್ತಿಕೊಂಡೆ.
ತಾವೇ ಮೀಸೆಯ ಎಡತುದಿ ನೀವಿ ಒಳಗೆ ಮಾಡಿಕೊಂಡು
ಮುಖ ಮುಂದೆ ತಂದರು.